ಅಪ್‌ಡೇಟ್: ಹಳದಿ ಸ್ಪೈಡರ್ ಸೇವಂತಿಗೆ ಕೊನೆಗೂ ಮೊಗ್ಗು ಬಿಟ್ಟಿತು

ವಿಜಯಪುರದ ಅಂಗಳಕ್ಕೆ ಉದ್ದ ಎಸಳಿನ ಹಳದಿ ಹೂವು ಯಾವುದು ಛಲೋ, ಮನೆಯಲ್ಲಿ ಇರೋ ಸ್ಪೈಡರ್ ಸೇವಂತಿಗೆ (ಜೇಡನ ಕಾಲಿನಂಥ ಉದ್ದ ಎಸಳಿನದು) ನವೆಂಬರ್ ಬಂದರೂ ಯಾಕೆ ಮೊಗ್ಗು ಬಿಟ್ಟಿಲ್ಲ ಅಂತ ಹಿಂದೆ ಕೇಳಿದ್ದೆ.

ಗೊಬ್ಬರ ಹೆಚ್ಚಿಸಿದ್ದು ಉಪಯೋಗ ಆಗಲಿಲ್ಲ, ಬರೀ ಎಲೆ ಸೊಕ್ಕಿತು. ‘ಗೇಟಿನ ಬೀದಿದೀಪ ನೋಡ್ರಿ’ ಅಂದವರ ಮಾತೇ ಖರೆ. ಸೇವಂತಿಗೆಗೆ ದಿನಾ ರಾತ್ರಿ 12 ತಾಸಿಗಿಂತ ಹೆಚ್ಚು ಕತ್ತಲೆ ಬೇಕು, ಅದೂ ನಡುವೆ ಬೆಳಕು ಬೀಳದಂತೆ. ಕುಂಡವನ್ನು ಹಿತ್ತಲಿಗೆ ಸರಿಸಿದ 24ನೇ ದಿನಕ್ಕೆ ಜೋಳದ ಕಾಳಿನಷ್ಟು ಹಸಿರು ಮೊಗ್ಗು! ಪ್ರತಿ ಕಾಂಡಕ್ಕೆ ತುದಿಯ ಒಂದನ್ನೇ ಬಿಟ್ಟು ಪಕ್ಕದವನ್ನು ಚಿವುಟಿದ್ದೇನೆ. ಹಂಗಾದ್ರೇನೇ ಹೂವು ದೊಡ್ಡದು.

ಜರ್ಬೆರಾ (ಡೇಸಿಯಂಥ ದೊಡ್ಡ ಹೂವಿನ ಗಿಡ) ಹಾಕ್ರಿ ಅನ್ನೋ ಸಲಹೆ ನಮ್ಮ ಎರೆಮಣ್ಣಿಗೆ ಒಗ್ಗಲಿಲ್ಲ. ನೀರು ನಿಂತು ಬುಡ ಕೊಳೆಯಿತು. ಹಾಕೋದಾದ್ರೆ ಮರಳು ಬೆರೆಸಿ, ಸುಳಿ ಮಣ್ಣಿನ ಮೇಲೇ ಇರಲಿ.