ಮೊಸಿನ್ ಸ್ನೈಪರ್ ರೈಫಲ್: ಸ್ಕೋಪ್ ನೆತ್ತಿಯ ಮೇಲೋ, ಪಕ್ಕಕ್ಕೋ?

ಕುಂಚದವನು:
ಸ್ಟಾಲಿನ್‌ಗ್ರಾಡ್ ಕಾಳಗದ ಒಬ್ಬ ಸೋವಿಯತ್ ಸ್ನೈಪರ್‌ನ ಚಿತ್ರ ಬರೀತಿದ್ದೀನಿ, 1942ರ ಚಳಿಗಾಲ. ಹಳೇ ಫೋಟೋಗಳಲ್ಲಿ ರೈಫಲ್ ಒಂದೇ, ಮೊಸಿನ್-ನಾಗಾಂತ್ 91/30. ಆದರೆ ಒಂದರಲ್ಲಿ ಉದ್ದನೆ ಸ್ಕೋಪ್ (ಗುರಿ ನೋಡೋ ದುರ್ಬೀನು) ರಿಸೀವರ್ (ನಳಿಗೆಯ ಹಿಂದಿನ ಕಬ್ಬಿಣದ ಒಡಲು) ನೆತ್ತಿಯ ಮೇಲೇ ಕೂತಿದೆ. ಇನ್ನೊಂದರಲ್ಲಿ ಗಿಡ್ಡ ಸ್ಕೋಪ್, ಎಡಪಕ್ಕದಿಂದ ಎದ್ದ ಮೌಂಟ್ (ಸ್ಕೋಪ್ ಹಿಡಿದಿಡೋ ಚೌಕಟ್ಟು) ಮೇಲಿದೆ. ಇವುಗಳಲ್ಲಿ ಒಂದು ಆಮೇಲೆ ಯಾರೋ ಜೋಡಿಸಿದ್ದಾ?

ಗುರಿಕಾರ:
ಎರಡೂ ಅಸಲಿ. ಕಾಲ ಬೇರೆ, ಅಷ್ಟೆ.

ಹಳೇಕಬ್ಬಿಣ:
ಗುರಿಕಾರರು ಹೇಳಿದ್ದು ಸರಿ, ಸ್ವಲ್ಪ ಬಿಡಿಸಿ ಹೇಳ್ತೀನಿ. ನೆತ್ತಿಯ ಮೇಲಿರೋದು ಪಿಇ, 4 ಪಟ್ಟು ಹಿಗ್ಗಿಸುತ್ತೆ, ಉದ್ದ ಸುಮಾರು 27 ಸೆಂ.ಮೀ. 1930ರ ದಶಕದ ಮೊದಲ ಭಾಗದ್ದು. ಅದರಲ್ಲಿ ಕಣ್ಣಿಗೆ ತಕ್ಕ ಹಾಗೆ ಫೋಕಸ್ ಹೊಂದಿಸೋ ಬಳೆ ಇತ್ತು. ಆಮೇಲೆ ಬಂದ ಪಿಇಎಂನಲ್ಲಿ ಆ ಬಳೆ ತೆಗೆದರು, ಮೌಂಟೂ ಎಡಪಕ್ಕಕ್ಕೆ ಸರೀತು. ನಿಮ್ಮ ಗಿಡ್ಡ ಸ್ಕೋಪು ಪಿಯು: 3.5 ಪಟ್ಟು, 17 ಸೆಂ.ಮೀ. ಅದು ಮೊದಲು ಎಸ್‌ವಿಟಿ-40 ಅನ್ನೋ ಅರೆ-ಸ್ವಯಂಚಾಲಿತ ರೈಫಲ್‌ಗೆ ಅಂತ ಮಾಡಿದ್ದು. 1942ರಲ್ಲಿ ಕೊಚೆತೊವ್ ಮೌಂಟ್ ಮೂಲಕ ಮೊಸಿನ್‌ಗೆ ಬಂತು.

ಒಂದು ಮಾತು ಮಾತ್ರ ಗಟ್ಟಿಯಾಗಿ ಹೇಳ್ತೀನಿ: ಹಳೇ ಸ್ನೈಪರ್ ರೈಫಲ್ ಗುರುತಿಸುವಾಗ ಮೊದಲು ಮೌಂಟ್ ನೋಡಿ, ಸ್ಕೋಪ್ ಆಮೇಲೆ. ಸ್ಕೋಪ್ ಬದಲಾಯಿಸೋದು ಕ್ಷಣದ ಕೆಲಸ. ಮೌಂಟ್‌ಗೆ ರಿಸೀವರ್ ಕೊರೆಯಬೇಕು, ಮರ ಕೆತ್ತಬೇಕು, ಆ ಗುರುತು ಅಳಿಸೋಕಾಗಲ್ಲ. ಯುದ್ಧ ಮುಗಿದ ಮೇಲೆ ಎಷ್ಟೋ ಪಿಯು ರೈಫಲ್‌ಗಳ ಮೌಂಟ್ ಬಿಚ್ಚಿ, ತೂತುಗಳಿಗೆ ಸ್ಕ್ರೂ ತುಂಡು ತುಂಬಿ ಬೆಸುಗೆ ಹಾಕಿ ಸಾದಾ ರೈಫಲ್ ಮಾಡಿದರು. ರಿಸೀವರ್‌ನ ಎಡಗೆನ್ನೆ ಬೆಳಕಿಗೆ ಹಿಡಿದರೆ ಆ ದುಂಡು ಕಲೆಗಳು ಕಾಣ್ತವೆ. ಸಾದಾ ರೈಫಲ್ ಅಂದುಕೊಂಡಿದ್ದು ಒಂದು ಕಾಲದ ಸ್ನೈಪರ್ ಅಂತ ಗೊತ್ತಾಗೋ ಆ ಗಳಿಗೆಗೇ ನಾನು ಈ ಹಳೇ ಕಬ್ಬಿಣದ ಹಿಂದೆ ಬಿದ್ದಿರೋದು.

ಬ್ರಿಟಿಷರ ಸ್ನೈಪರ್ ರೈಫಲ್ ನಂ. 4 (ಟಿ) ಈ ವಿಷಯದಲ್ಲಿ ಅಚ್ಚುಕಟ್ಟು. ನಂ. 32 ಸ್ಕೋಪಿನ ಸಂಖ್ಯೆಯನ್ನ ಬಟ್‌ನ (ಹಿಂದಿನ ಮರದ ಭಾಗದ) ಕೊರಳಿನ ಮೇಲೆ ಒತ್ತುತ್ತಿದ್ದರು, ಬ್ರಾಕೆಟ್ ಮೇಲೆ ರೈಫಲ್‌ನದೇ ಸಂಖ್ಯೆ. ಜೋಡಿ ಕೂಡಿತೋ ಇಲ್ಲವೋ ಓದಿದರೇ ತಿಳಿಯುತ್ತೆ. ಜರ್ಮನರ ಕೆ98ಕೆ ರೈಫಲ್ ಮಾತ್ರ ತಲೆನೋವು, ಮೌಂಟ್‌ನಲ್ಲೇ ಹಲವು ಬಗೆ: ಗಿಡ್ಡ ರೈಲ್, ಉದ್ದ ರೈಲ್, ಎತ್ತರದ ಟರೆಟ್, ತಗ್ಗಿನ ಟರೆಟ್. ಹಿಂದಿನ ಸೈಟ್ ಮೇಲೆ ಕೂರೋ 1.5 ಪಟ್ಟಿನ ಜ಼ೆಡ್ಎಫ್41 ಸ್ಕೋಪ್ ಇನ್ನೊಂದು. ಅದನ್ನ ನಾನು ಸ್ನೈಪರ್ ಸ್ಕೋಪ್ ಅಂತ ಒಪ್ಪಲ್ಲ.

ಕುಂಚದವನು:
ಧನ್ಯವಾದ ಸರ್. ಹಾಗಾದ್ರೆ ನನ್ನ ಚಿತ್ರಕ್ಕೆ ಯಾವುದು? ಪಕ್ಕದಲ್ಲಿ ಕೂತ ಜೊತೆಗಾರ ಐದು ಗುಂಡಿನ ಕ್ಲಿಪ್ ಒತ್ತಿ ಇನ್ನೊಂದು ಸ್ನೈಪರ್ ರೈಫಲ್ ತುಂಬ್ತಿರೋ ಹಾಗೆ ಗೀಚಿದ್ದೀನಿ.

ಗುರಿಕಾರ:
ಕ್ಲಿಪ್ ತೆಗೀರಿ! ಮೊಸಿನ್‌ನಲ್ಲಿ ಸ್ಕೋಪ್ ಕೊಳವೆ ಕ್ಲಿಪ್ ಇಳಿಯೋ ದಾರಿಗೇ ಅಡ್ಡ. ಪಕ್ಕದ ಮೌಂಟ್ ಆದರೂ ಅಷ್ಟೇ, ಸ್ಕೋಪ್ ನಳಿಗೆಯ ನೇರಕ್ಕೇ ಬರುತ್ತೆ. ಗುಂಡು ಒಂದೊಂದಾಗಿ ತುಂಬಬೇಕು. ಜಪಾನಿನ ಟೈಪ್ 97, ಅಮೆರಿಕದ ಎಂ1ಸಿ ಇವುಗಳಲ್ಲಿ ಸ್ಕೋಪನ್ನೇ ಎಡಕ್ಕೆ ಸರಿಸಿದ್ದು ಕ್ಲಿಪ್ ಮೇಲಿಂದ ಇಳೀಲಿ ಅಂತ.

ಹಳೇಕಬ್ಬಿಣ:
ಆ ಚಳಿಗಾಲಕ್ಕೆ ಪಿಇ ಅಥವಾ ಪಿಇಎಂ ಬರೀರಿ, ಯಾರೂ ಬೆರಳು ತೋರಿಸಲ್ಲ. ಪಿಯು ಮೊಸಿನ್ ಆಗ ಹೊಸದು, 1943–44ರ ಚಿತ್ರಕ್ಕಾದರೆ ಅದೇ ಸರಿ. ಬೋಲ್ಟ್ (ಗುಂಡು ಒಳಕ್ಕೆ ತಳ್ಳೋ ಸರಳು) ಹಿಡಿ ನೇರ ಬೇಡ, ಸಾದಾ ಮೊಸಿನ್‌ದಕ್ಕಿಂತ ಉದ್ದವಾಗಿ ಕೆಳಕ್ಕೆ ಬಗ್ಗಿಸಿ. ನೇರ ಇದ್ದರೆ ಎತ್ತುವಾಗ ಸ್ಕೋಪಿಗೆ ಬಡಿಯುತ್ತೆ. ಜೊತೆಗಾರನ ಅಂಗೈಯಲ್ಲಿ ಬಿಡಿ ಗುಂಡುಗಳನ್ನ ಇಡಿ.