ಕೆರೆ ಹೂಳಿನ ವಯಸ್ಸು ತಲೆಕೆಳಗಾಗಿ ಬಂದಿದೆ, ಎಲ್ಲಿ ತಪ್ಪಿದೆ?

ಕೆಸರುಗಾಲು:
ಎಂ.ಎಸ್ಸಿ. ಪ್ರಾಜೆಕ್ಟ್‌ಗೆ ತುಮಕೂರು ಕಡೆಯ ಒಂದು ಹಳ್ಳಿ ಕೆರೆಯ ಹೂಳು ತೆಗೆದಿದ್ದೇನೆ. ಹೂಳಿನಲ್ಲಿರುವ ಪರಾಗ ನೋಡಿ, ಹಿಂದೆ ಸುತ್ತಮುತ್ತ ಯಾವ ಗಿಡಮರ ಇದ್ದವು ಅಂತ ಪತ್ತೆ ಮಾಡುವ ಕೆಲಸ. ಬೇಸಿಗೆಯಲ್ಲಿ ಕೆರೆ ಒಣಗಿದ್ದಾಗ ಪಿವಿಸಿ ಪೈಪನ್ನು ಸುತ್ತಿಗೆಯಿಂದ ಹೊಡೆದು ಇಳಿಸಿದೆವು. ಮಣ್ಣನ್ನೇ ನೇರವಾಗಿ ಕಾರ್ಬನ್ ಡೇಟಿಂಗ್‌ಗೆ ಕಳಿಸಿದೆ. 40 ಸೆಂ.ಮೀ. ಆಳದ್ದು ಸುಮಾರು 2,600 ವರ್ಷ ಹಳೆಯದಂತೆ, 90 ಸೆಂ.ಮೀ. ಆಳದ್ದು 1,400 ವರ್ಷವಂತೆ! ಲ್ಯಾಬ್‌ನವರು ಸ್ಯಾಂಪಲ್ ಅದಲುಬದಲು ಮಾಡಿರಬಹುದಾ? ಮುಂದಿನ ತಿಂಗಳು ವೈವಾ.

ಹಳೇ ಮಸೂರ:
ಲ್ಯಾಬ್ ಮೇಲೆ ಹಾಕುವ ಮುಂಚೆ ಮಣ್ಣನ್ನೇ ಅನುಮಾನಿಸಿ. ಕೆರೆಗೆ ಬರುವುದು ಹೊಲದ ಮಣ್ಣು ಅಲ್ವಾ? ಮಳೆಗೆ ಹೊಲ ಕೊರೆದಷ್ಟೂ ಅಡಿಯ ಹಳೇ ಮಣ್ಣು ಬಂದು ಮೇಲೆ ಕೂರುತ್ತದೆ. ಅದರಲ್ಲಿರುವ ಇಂಗಾಲ ಆಗಲೇ ಮುದಿಯಾಗಿರುತ್ತದೆ. ನಿಮಗೆ ಸಿಕ್ಕಿರುವುದು ಆ ಇಂಗಾಲದ ವಯಸ್ಸು, ಹೂಳು ಕೂತ ವರ್ಷವಲ್ಲ.

ಮಣ್ಣನ್ನು ಸಣ್ಣ ಜರಡಿಯಲ್ಲಿ ತೊಳೆದು ಬೀಜ, ಎಲೆ ಚೂರು, ಸಣ್ಣ ಕಡ್ಡಿ ಆರಿಸಿ. ಎಎಂಎಸ್ ವಿಧಾನಕ್ಕೆ, ಅಂದರೆ ಇಂಗಾಲದ ಪರಮಾಣುಗಳನ್ನೇ ನೇರವಾಗಿ ಎಣಿಸುವ ಕಾರ್ಬನ್ ಡೇಟಿಂಗ್‌ಗೆ, ಒಂದು ಮಿಲಿಗ್ರಾಂನಷ್ಟು ಇಂಗಾಲ ಸಾಕು. ಆದರೆ ನೆಲದ ಗಿಡದ್ದೇ ಆಗಿರಲಿ. ನೀರೊಳಗೆ ಬೆಳೆಯುವ ಗಿಡಗಳು ಸುಣ್ಣಕಲ್ಲಿನಿಂದ ಕರಗಿ ಬಂದ ಹಳೇ ಇಂಗಾಲವನ್ನೂ ಹೀರಿರುತ್ತವೆ. ವಯಸ್ಸು ಮತ್ತೆ ಜಾಸ್ತಿಯೇ ಬರುತ್ತದೆ.

ಇನ್ನೊಂದು, ಪೈಪ್ ಎಷ್ಟು ಇಳಿಸಿದಿರಿ? ಒಳಗೆ ಎಷ್ಟು ಮಣ್ಣಿತ್ತು?

ಕೆಸರುಗಾಲು:
130 ಸೆಂ.ಮೀ. ಇಳಿಸಿದ್ದೆವು ಸರ್, ಒಳಗೆ 98 ಸೆಂ.ಮೀ. ಮಣ್ಣಿತ್ತು. ತಳದಿಂದ ಸ್ವಲ್ಪ ಜಾರಿರಬೇಕು ಅಂತ ಸುಮ್ಮನಾದೆ.

ಹಳೇ ಮಸೂರ:
ಸುತ್ತಿಗೆ ಏಟಿಗೆ ಮಣ್ಣು ಅದುಮಿಕೊಂಡಿರುವುದೇ ಹೆಚ್ಚು. ಹಾಗಾದರೆ ನಿಮ್ಮ 40, 90 ಎರಡೂ ನಿಜವಾದ ಆಳಗಳಲ್ಲ.

ಏರಿ ಮೇಲಿನವ:
ನಾನು ವಿಜ್ಞಾನದವನಲ್ಲ, ರೈತರ ಮನೆಯವನು. ನಮ್ಮೂರಲ್ಲಿ ಬೇಸಿಗೆ ಬಂತೆಂದರೆ ಕೆರೆಗೋಡು ಹೊಲಕ್ಕೆ ಹೊಡೆಯುತ್ತಿದ್ದರು. ಆಗ ಎತ್ತಿನ ಗಾಡಿ, ಈಗ ಜೆಸಿಬಿ, ಟ್ರ್ಯಾಕ್ಟರ್. ತೋಡಿದ ಗುಂಡಿ ಮುಂದಿನ ಮಳೆಗಳಿಗೆ ತುಂಬಿಕೊಳ್ಳುತ್ತದೆ. ನಿಮ್ಮ ಪೈಪ್ ಅಂಥ ಗುಂಡಿಗೇ ಇಳಿದಿದ್ದರೆ? ಊರಿನ ಹಿರಿಯರನ್ನು ಕೇಳಿ. ತೂಬಿನ ಹತ್ತಿರ ಶಾಸನದ ಕಲ್ಲಿದೆಯಾ ಅಂತಲೂ ನೋಡಿ. ಶಾಸನಗಳನ್ನು ಓದಿ ಅಚ್ಚು ಹಾಕಿದ ಎಪಿಗ್ರಾಫಿಯಾ ಕರ್ನಾಟಿಕಾ ಪುಸ್ತಕಮಾಲೆಯ 12ನೇ ಸಂಪುಟ ತುಮಕೂರಿನದು, ಅದರಲ್ಲಿ ಆ ಶಾಸನದ ಪಾಠ ಸಿಗಬಹುದು. ಕೆರೆ ಕಟ್ಟಿದ ಕಾಲ ಗೊತ್ತಾದರೆ, ಅದಕ್ಕಿಂತ ಹಳೇ ಕೆರೆ ಹೂಳು ಇರೋಕೆ ಹೇಗೆ ಸಾಧ್ಯ?

ಕೆಸರುಗಾಲು:
ಎರಡು ವಾರ ಆಯ್ತು, ಕ್ಷಮಿಸಿ. ಶಾಸನ ಇದೆ, ಹೊಯ್ಸಳರ ಕಾಲದ್ದು. ಅಲ್ಲಿಗೆ 2,600 ಬಿದ್ದುಹೋಯಿತು, 1,400 ಕೂಡ.

40 ಸೆಂ.ಮೀ. ಮಣ್ಣನ್ನು ಜರಡಿ ಹಿಡಿದೆ. ಎರಡು ಹುಲ್ಲಿನ ಬೀಜ, ಒಂದು ಬಸವನಹುಳದ ಚಿಪ್ಪು, ಜೊತೆಗೆ ಉಗುರಿನಷ್ಟು ಮಿರುಗುವ ಪ್ಲಾಸ್ಟಿಕ್ ಚೂರು. ಲೆನ್ಸ್ ಕೆಳಗಿಟ್ಟರೆ ಕೆಂಪು ಅಕ್ಷರದ ತುದಿ ಕಾಣಿಸಿತು. ಗುಟ್ಕಾ ಪ್ಯಾಕೆಟ್! ಊರಿನ ಅಜ್ಜ ಒಬ್ಬರು ನಕ್ಕುಬಿಟ್ಟರು: "ನೀವು ಪೈಪ್ ಹೊಡೆದದ್ದು ಇಟ್ಟಿಗೆಯವರು ಮಣ್ಣು ತೆಗೆದ ಜಾಗ ಕಣಪ್ಪ." ತೂಬಿನ ಮುಂದೆ ಬೇಸಿಗೆಯಲ್ಲೂ ನೀರು ನಿಲ್ಲುವ ಒಂದು ಮಡು ಇದೆ, ಅಲ್ಲಿ ಯಾರೂ ಅಗೆದಿಲ್ಲವಂತೆ. ಗೈಡ್ ಒಪ್ಪಿದ್ದಾರೆ, ವೈವಾ ಮುಂದಕ್ಕೆ ಹೋಗಿದೆ. ಮೇಲಿನ ಪದರಗಳಿಗೆ ಲೆಡ್-210 (ವಿಕಿರಣಶೀಲ ಸೀಸ ಅಳೆದು ವಯಸ್ಸು ಕಂಡುಹಿಡಿಯುವ ಪರೀಕ್ಷೆ) ಮಾಡಿಸಲಾ?

ಹಳೇ ಮಸೂರ:
ಮಾಡಿಸಿ, ಆದರೆ ಮಡುವಿನ ಮಣ್ಣಿಗೆ ಮಾತ್ರ. ಆ ಸೀಸದ ಅರ್ಧಾಯುಷ್ಯ, ಅಂದರೆ ಅರ್ಧದಷ್ಟು ಕರಗಿಹೋಗಲು ಹಿಡಿಯುವ ಕಾಲ, 22 ವರ್ಷ ಚಿಲ್ಲರೆ, ಹಾಗಾಗಿ 100-150 ವರ್ಷದವರೆಗೆ ಕೆಲಸಕ್ಕೆ ಬರುತ್ತದೆ. ಕಲಕಿದ ಮಣ್ಣಿಗೆ ಮಾಡಿಸಿದರೆ ದುಡ್ಡು ದಂಡ. ಈ ಸಲ ಪೈಪನ್ನು ಹೊಡೆಯಬೇಡಿ, ಮೆಲ್ಲಗೆ ಒತ್ತಿ. ಪ್ರತಿ 20 ಸೆಂ.ಮೀ.ಗೆ ಒಮ್ಮೆ ನಿಲ್ಲಿಸಿ, ಒಳಗಿನ ಮಣ್ಣು ಎಲ್ಲಿದೆ ಅಂತ ದಾರ ಇಳಿಬಿಟ್ಟು ಅಳೆದು ಬರೆದುಕೊಳ್ಳಿ.