ಜಾತ್ರೆಯ ದಿನ ಬಾಡಿಗೆ ಮನೆಗೆ ಬೀಗ ಹಾಕಲೇ?

ನಿವೃತ್ತ ಶಿಕ್ಷಕಿ, ಕಲಬುರಗಿ:
ಜೇವರ್ಗಿ ರಸ್ತೆಯ ಕಡೆ ನಮ್ಮ ಮನೆ. ಶಹಾಬಾದ್ ಕಲ್ಲು ಹಾಸಿದ ಕೆಳಮಹಡಿಯನ್ನು 7,500 ರೂಪಾಯಿಗೆ ಬಾಡಿಗೆ ಕೊಟ್ಟಿದ್ದೇನೆ. ಐದು ತಿಂಗಳಿಂದ ಬಾಡಿಗೆ ಬಂದಿಲ್ಲ. ಮುಂಗಡ 30,000 ಅದಕ್ಕೇ ಸಾಲದು. ಕೇಳಿದರೆ ಬಾಡಿಗೆದಾರ ‘ತೊಗರಿ ದರ ಏರಲಿ ಅಕ್ಕನವರೇ’ ಎನ್ನುತ್ತಾನೆ. ದರ ಏರಿದಾಗಲೂ ಇದೇ ಮಾತು. ಬರೆಸಿದ್ದ 11 ತಿಂಗಳ ಕರಾರು ಹೋದ ವರ್ಷವೇ ಮುಗಿದಿದೆ. ಶರಣಬಸವೇಶ್ವರ ಜಾತ್ರೆಗೆ ಅವರ ಮನೆಮಂದಿಯೆಲ್ಲ ಹೋಗುತ್ತಾರೆ. ತೇರು ಎಳೆಯುವ ಹೊತ್ತಿಗೆ ಹೊಸ ಬೀಗ ಜಡಿದರೆ ತಪ್ಪೇ? ಮನೆ ನನ್ನದಲ್ಲವೇ?

ಬೀದರ್‌ನಿಂದ ಒಬ್ಬ ಮಾಲೀಕ:
ಬೇಡ ಅಕ್ಕ. ನಾನು ಜಡಿದು ನೋಡಿದ್ದೇನೆ. ಮನೆ ಯಾರದೇ ಇರಲಿ, ಒಳಗಿದ್ದವನನ್ನು ಕಾನೂನು ಮೀರಿ ಹೊರಹಾಕಿದರೆ ಅವನು ಆರು ತಿಂಗಳೊಳಗೆ ದಾವೆ ಹೂಡಿ ಸ್ವಾಧೀನ ಮರಳಿ ಪಡೆಯಬಹುದು. 1963ರ ನಿರ್ದಿಷ್ಟ ಪರಿಹಾರ ಕಾಯ್ದೆಯ 6ನೇ ಕಲಂ. ನಾನೇ ಬೀಗ ತೆಗೆದುಕೊಟ್ಟೆ, ವಕೀಲರ ಶುಲ್ಕವನ್ನೂ ಕಟ್ಟಿದೆ. ಅವನು ಮತ್ತೆ ಒಂದೂವರೆ ವರ್ಷ ಅಲ್ಲೇ ಇದ್ದ.

ಕೋರ್ಟ್ ಮುಂದಿನ ಟೈಪಿಸ್ಟ್:
ಟೀಚರ್, 1999ರ ಕರ್ನಾಟಕ ಬಾಡಿಗೆ ಕಾಯ್ದೆ ನಿಮ್ಮ ಮನೆಗೆ ಅನ್ವಯಿಸುವುದಿಲ್ಲ. ದೊಡ್ಡ ನಗರಗಳಲ್ಲಿ ತಿಂಗಳಿಗೆ 3,500, ಉಳಿದ ಕಡೆ 2,000 ಮೀರಿದ ಬಾಡಿಗೆ ಅದರ ವ್ಯಾಪ್ತಿಯಿಂದ ಹೊರಗೆ. ನಿಮಗೆ ಬೇಕಾದುದು 1882ರ ಸ್ವತ್ತು ವರ್ಗಾವಣೆ ಕಾಯ್ದೆ. ಕರಾರು ಮುಗಿದ ಮೇಲೂ ನೀವು ಬಾಡಿಗೆ ತೆಗೆದುಕೊಂಡಿದ್ದರೆ ಈಗ ತಿಂಗಳ ಬಾಡಿಗೆದಾರಿಕೆ ನಡೆದಿದೆ. ವಕೀಲರಿಂದ 106ನೇ ಕಲಂನ 15 ದಿನಗಳ ನೋಟಿಸ್ ಕೊಡಿಸಿ, ನೋಂದಣಿ ಸಹಿತ ಸ್ಪೀಡ್ ಪೋಸ್ಟ್‌ನಲ್ಲಿ ಕಳುಹಿಸಿ, ರಸೀದಿ ಜೋಪಾನ. ಬಿಡದಿದ್ದರೆ ಮನೆ ತೆರವಿಗೂ ಬಾಕಿಗೂ ಒಂದೇ ದಾವೆ.

ನಾನು ಟೈಪ್ ಮಾಡಿದ ಎಷ್ಟೋ ಪ್ರಕರಣಗಳು ಎಡವಿದ್ದು ಮುಂದಿನ ಹೆಜ್ಜೆಯಲ್ಲಿ. ನೋಟಿಸ್ ಅವಧಿ ಮುಗಿದ ಮೇಲಿನ ತಿಂಗಳಿಗೆಂದು ಅವನು ಕೊಟ್ಟ ಹಣವನ್ನು ಸುಮ್ಮನೆ ಇಸಿದುಕೊಂಡರೆ ನೀವೇ ನೋಟಿಸ್ ಕೈಬಿಟ್ಟಂತಾಗಬಹುದು. ಹಳೆಯ ಬಾಕಿ ಕೊಟ್ಟರೆ ತೆಗೆದುಕೊಳ್ಳಿ, ಯಾವ ತಿಂಗಳದು ಎಂದು ರಸೀದಿಯಲ್ಲಿ ಬರೆಯಿರಿ. ಫೋನ್‌ಪೇಯಲ್ಲಿ ಬಂದರೂ ಅಷ್ಟೇ, ಮೊದಲು ವಕೀಲರಿಗೆ ತಿಳಿಸಿ.

ಒಬ್ಬ ಬಾಡಿಗೆದಾರ:
ನೀರಿನ ಮೋಟರ್ ಬಂದ್ ಮಾಡುವ ಯೋಚನೆಯೂ ಬೇಡ ಮೇಡಂ. ಏಪ್ರಿಲ್‌ನ ಕಲಬುರಗಿಯಲ್ಲಿ ನೀರು ನಿಲ್ಲಿಸಿದರೆ ಓಣಿಯವರೆಲ್ಲ ಅವನ ಕಡೆಯೇ ನಿಲ್ಲುತ್ತಾರೆ.

ನಿವೃತ್ತ ಶಿಕ್ಷಕಿ:
ಮೋಟರಿನ ಯೋಚನೆಯೂ ಇತ್ತು, ಸುಳ್ಳೇಕೆ ಹೇಳಲಿ. ಬೀಗವನ್ನು ಅಂಗಡಿಗೆ ಮರಳಿಸಿದೆ. ಸೋಮವಾರ ವಕೀಲರ ಬಳಿ ಹೋಗುತ್ತೇನೆ.